ಬಟನ್ ಒತ್ತಿದರೆ ಅಜ್ಜ ಸಿಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಂಶವೃಕ್ಷದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರ ಒಂದು ಸಾಲು ನನ್ನನ್ನು ಎರಡು ದಿನ ಕೆಣಕಿತು. ಜರ್ಮನಿಯಂಥ ದೇಶದಲ್ಲಿ ಬಟನ್ ಒತ್ತಿದರೆ ಸಾಕು, 400 ವರ್ಷದ ಪೂರ್ವಜರು ಕಂಪ್ಯೂಟರ್ ಮೇಲೆ ಬಂದು ಕೂರುತ್ತಾರೆ ಅಂತ ಬರೆದಿದ್ದರು. ನಾನು 19 ವರ್ಷದಿಂದ ಜರ್ಮನಿಯ ಹೈಲ್‌ಬ್ರಾನ್ ಹತ್ತಿರದ ಒಂದು ದ್ರಾಕ್ಷಿ ಬೆಳೆಯುವ ಹಳ್ಳಿಯಲ್ಲಿದ್ದೇನೆ. ತವರು ರಾಣೇಬೆನ್ನೂರು, ಗಂಡ ಇಲ್ಲಿಯವರು. ನನ್ನ ಅತ್ತೆಯ ಮುತ್ತಜ್ಜನ ಅಪ್ಪ ಯಾರು ಅಂತ ಹುಡುಕುವುದಕ್ಕೆ ಅತ್ತೆಗೂ ನನಗೂ ಎರಡು ಚಳಿಗಾಲ ಹಿಡಿಯಿತು. ಆ ಬಟನ್ ಎಲ್ಲಿದೆ ಅಂತ ಲೇಖಕರು ತಿಳಿಸಿದರೆ ಉಪಕಾರವಾಗುತ್ತದೆ.

ಶುರುವಾಗಿದ್ದು ಅಲಮಾರಿನ ಒಂದು ಸಣ್ಣ ಪುಸ್ತಕದಿಂದ. ಅದಕ್ಕೆ ಆನೆನ್‌ಪಾಸ್ ಅನ್ನುತ್ತಾರೆ, ಪೂರ್ವಜರ ಪಾಸ್‌ಪೋರ್ಟ್ ಅಂದ ಹಾಗೆ. ಹಿಟ್ಲರ್ ಕಾಲದ್ದು. 1933ರ ನಂತರ ಸರ್ಕಾರಿ ನೌಕರಿಯಲ್ಲಿ ಇರಬೇಕಾದರೆ ಅಜ್ಜ ಅಜ್ಜಿಯರಲ್ಲಿ ಯಹೂದಿಗಳು ಯಾರೂ ಇಲ್ಲ ಅಂತ ತೋರಿಸಬೇಕಿತ್ತು. ಜರ್ಮನಿಯ ಎಲ್ಲ ಕಡೆ ಸರ್ಕಾರ ಜನನ ಮರಣ ಬರೆದಿಡಲು ಶುರು ಮಾಡಿದ್ದು 1876ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಚರ್ಚಿನ ಪಾದ್ರಿಯೇ ಗತಿ. ಹಾಗಾಗಿ ಆಗ ಇಡೀ ದೇಶದ ಜನ ಪಾದ್ರಿಗಳ ಮನೆ ಬಾಗಿಲಿಗೆ ಹೋಗಿ, ಹಳೆಯ ದೀಕ್ಷಾಸ್ನಾನದ ಪುಸ್ತಕ ತೆಗೆಸಿ, ಮುದ್ರೆ ಹಾಕಿಸಿಕೊಂಡು ಬಂದರು. ಇವತ್ತು ಎಷ್ಟೋ ಜರ್ಮನ್ ಮನೆಗಳಲ್ಲಿ ವಂಶದ ಮೊದಲ ದಾಖಲೆ ಅಂತ ಇರುವುದು ಇದೇ. ಯಾರೂ ಅದನ್ನು ಹೆಮ್ಮೆಯಿಂದ ತೋರಿಸುವುದಿಲ್ಲ. ಬಿಸಾಡುವುದೂ ಇಲ್ಲ.

ಅತ್ತೆಯ ಅಪ್ಪ ಹುಟ್ಟಿದ್ದು 1910ರಲ್ಲಿ, ಕೆಲಸ ರೈಲ್ವೆಯಲ್ಲಿ. ಅವರ ಪುಸ್ತಕದಲ್ಲಿ ಅಪ್ಪ, ಅಮ್ಮ, ಅಜ್ಜಂದಿರು ಎಲ್ಲರೂ ನೀಟಾಗಿ ಇದ್ದಾರೆ. 1853ರಲ್ಲಿ ಹುಟ್ಟಿದ ಒಬ್ಬ ಅಜ್ಜನ ಮೇಲೆ ಮಾತ್ರ, ತಂದೆ ಅನ್ನುವ ಜಾಗದಲ್ಲಿ, ಒಂದು ಅಡ್ಡಗೆರೆ. ಪಕ್ಕದಲ್ಲಿ ಪಾದ್ರಿಯ ನೇರಳೆ ಮುದ್ರೆ. ಆ ಗೆರೆಯಿಂದ ತನ್ನ ಅಪ್ಪ ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದರು ಅಂತ ಅತ್ತೆಗೆ ಅವರ ಅಮ್ಮ ಹೇಳಿದ್ದರಂತೆ. ಗೆರೆಯ ಹಿಂದೆ ಯಾರಿದ್ದಾನೋ, ಯಾವನಾದರೂ ಬಂದು ಪ್ರಶ್ನೆ ಕೇಳಿದರೆ ಏನು ಹೇಳುವುದೋ ಅನ್ನುವ ಹೆದರಿಕೆ. ಜಾತಿ ಸರ್ಟಿಫಿಕೇಟಿಗೆ ಅಲೆದ ನಾಡಿನಿಂದ ಬಂದ ನನಗೆ ಇದು ಸ್ವಲ್ಪ ಬೇಗ ಅರ್ಥವಾಯಿತು. ಆದರೆ ಎರಡೂ ಒಂದೇ ಅಂತ ಹೇಳಲಾರೆ. ಇಲ್ಲಿ ಆ ಮುದ್ರೆ ಸಿಗದವರ ಗತಿ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಅತ್ತೆಗೆ ಈಗ ಎಂಬತ್ತರ ಹತ್ತಿರ. ‘ಸಾಯೋದ್ರೊಳಗೆ ಆ ಗೆರೆ ಯಾರು ಅಂತ ತಿಳ್ಕೋಬೇಕು’ ಅಂದರು. ಗಂಡನಿಗೆ ಆಸಕ್ತಿ ಇಲ್ಲ. ಮಗನಿಗೆ ಪರೀಕ್ಷೆ. ಉಳಿದವಳು ನಾನು.

ಮೊದಲ ಪಾಠ ಏನೆಂದರೆ, ಮನೆತನದ ಹೆಸರು ಗೊತ್ತಿದ್ದರೆ ಸಾಲದು, ಊರು ಬೇಕು. ಚರ್ಚಿನ ಪುಸ್ತಕಗಳು ಊರೂರಿಗೆ ಬೇರೆ. ನಾವಿರುವ ವುರ್ಟೆಂಬರ್ಗ್ ಸೀಮೆಯಲ್ಲಿ 1558ರಿಂದಲೇ ಇವನ್ನು ಬರೆಯಲು ಅಪ್ಪಣೆ ಇತ್ತು. ಕ್ಯಾಥೊಲಿಕ್ ಊರುಗಳಿಗೆ 1563ರಲ್ಲಿ ಅವರ ಧರ್ಮಗುರುಗಳ ಟ್ರೆಂಟ್ ಸಭೆ ಮಾಡಿದ ತೀರ್ಮಾನದಿಂದ ಬಂತು. ಇವತ್ತು ಪ್ರಾಟೆಸ್ಟೆಂಟ್ ಚರ್ಚುಗಳ ಬಹಳಷ್ಟು ಪುಸ್ತಕಗಳು ಆರ್ಕಿಯೋನ್ ಅನ್ನುವ ವೆಬ್‌ಸೈಟಿನಲ್ಲಿ ಸಿಗುತ್ತವೆ. ದುಡ್ಡು ಕೊಟ್ಟು ಇಷ್ಟು ದಿನ ಅಂತ ಪಾಸ್ ತೆಗೆದುಕೊಳ್ಳಬೇಕು, ನಮ್ಮ ಬಸ್ ಪಾಸ್ ಇದ್ದ ಹಾಗೆ. ಕ್ಯಾಥೊಲಿಕ್ ಚರ್ಚುಗಳ ಬಹಳಷ್ಟು ಪುಸ್ತಕಗಳು ಮಾಟ್ರಿಕುಲಾ ಅನ್ನುವ ಇನ್ನೊಂದು ವೆಬ್‌ಸೈಟಿನಲ್ಲಿ ಪುಕ್ಕಟೆ. ಆದರೆ ಅಲ್ಲಿ ಹೆಸರು ಟೈಪ್ ಮಾಡಿದರೆ ಬಹುಪಾಲು ಮನುಷ್ಯ ಬರುವುದಿಲ್ಲ. ಬರುವುದು ಪುಟಗಳ ಫೋಟೊ. ಒಂದೊಂದೇ ತಿರುವುತ್ತಾ ಹೋಗಬೇಕು. ಲೇಖಕರ ಬಟನ್ ಇದ್ದಿದ್ದರೆ ಇಲ್ಲಿರಬೇಕಿತ್ತು, ಅಲ್ವಾ?

ಪುಟ ತೆರೆದ ಮೇಲೆ ಎರಡನೆಯ ಪಾಠ. ಜರ್ಮನ್ ಮನೆಯಲ್ಲಿ ಹುಟ್ಟಿ ಬೆಳೆದ ಅತ್ತೆಗೇ ಒಂದಕ್ಷರ ಓದಲು ಬರಲಿಲ್ಲ. ಆಗಿನ ಬರವಣಿಗೆಗೆ ಕುರೆಂಟ್ ಅನ್ನುತ್ತಾರೆ. ಎಲ್ಲ ಅಕ್ಷರವೂ ಚೂಪು ಚೂಪಾಗಿ ಬಲಕ್ಕೆ ವಾಲಿಕೊಂಡಿರುತ್ತದೆ. ಅದರಲ್ಲಿ ‘ಇ’, ‘ಎನ್’, ‘ಯು’ ಮೂರೂ ಹೆಚ್ಚುಕಡಿಮೆ ಒಂದೇ. ‘ಯು’ ತಲೆಯ ಮೇಲೆ ಒಂದು ಕೊಂಡಿ, ಅಷ್ಟೇ ವ್ಯತ್ಯಾಸ. ನಮ್ಮ ಹಳೆಯ ಶಾನುಭೋಗರ ಕಡತ ನೋಡಿದವರಿಗೆ ನಾನು ಹೇಳುವುದು ತಿಳಿದೀತು. 1941ರಲ್ಲಿ ಈ ಬರಹವನ್ನು ಶಾಲೆಯಿಂದ ತೆಗೆದುಹಾಕಿದರು. ಅಲ್ಲಿಂದಾಚೆ ಕಲಿತವರಿಗೆ ತಮ್ಮ ಅಜ್ಜಿ ಬರೆದ ಕಾಗದವೂ ಬೇರೆ ಭಾಷೆಯಂತೆ ಕಾಣುತ್ತದೆ.

ನಾನು ಸಂಜೆ ಕ್ಲಾಸಿಗೆ ಸೇರಿದೆ. ವಾರಕ್ಕೊಂದು ದಿನ, ಹತ್ತು ಜನ, ನನ್ನ ಬಿಟ್ಟರೆ ಎಲ್ಲರಿಗೂ ಎಪ್ಪತ್ತರ ಮೇಲೆ. ಒಂದು ವಿಷಯ ಗಮನಿಸಿದೆ. ನಾನು ಅವರಿಗಿಂತ ಬೇಗ ಕಲಿತೆ. ಅವರು ಪದ ಊಹಿಸಿ ಓದುತ್ತಿದ್ದರು. ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ, ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಅಕ್ಷರದ ಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಹಿಟ್ಟು ಕಲಸುತ್ತಾ ಅದನ್ನೇ ನೋಡುವುದು. ಆದರೂ ಎಡವಟ್ಟು ಆಗದೆ ಇರಲಿಲ್ಲ. ಒಬ್ಬನ ಕಸುಬು ‘ಕೇಫರ್’ ಅಂತ ಓದಿ ಅತ್ತೆಗೆ ಹೇಳಿದೆ. ಅತ್ತೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕೇಫರ್ ಅಂದರೆ ಜೀರುಂಡೆ. ಅದು ‘ಕ್ಯೂಫರ್’, ಪೀಪಾಯಿ ಮಾಡುವವನು.

ಆ ಜೀರುಂಡೆಯೇ ನಮಗೆ ಬೇಕಾದವನು ಅಂತ ಅವತ್ತು ಗೊತ್ತಿರಲಿಲ್ಲ.

1853ರ ದೀಕ್ಷಾಸ್ನಾನದ ಪುಟ ಸಿಕ್ಕಿದ್ದು ಫೆಬ್ರವರಿಯ ಒಂದು ಸಂಜೆ. ಪುಟಕ್ಕೆ ಐದಾರು ಮಕ್ಕಳು. ಮಗುವಿನ ಹೆಸರು, ಹುಟ್ಟಿದ ದಿನ ಮತ್ತು ಗಂಟೆ, ದೀಕ್ಷಾಸ್ನಾನದ ದಿನ, ತಂದೆ, ತಾಯಿ, ಜ್ಞಾನ ತಂದೆತಾಯಿ. ನಮ್ಮ ಮಗುವಿನ ಮುಂದೆ ತಂದೆಯ ಕಾಲಂ ಖಾಲಿ. ‘ಮದುವೆಯಾಚೆ’ ಅಂತ ಒಂದು ಪದ. ತಾಯಿ ಕೂಲಿ ಕೆಲಸದವಳು, ನೇಕಾರನ ಮಗಳು. ಇದಿಷ್ಟೂ ಆನೆನ್‌ಪಾಸ್‌ನಲ್ಲಿ ಇತ್ತು. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ, ಬೇರೆ ಮಸಿಯಲ್ಲಿ, ಇನ್ನೊಂದು ಸಾಲು. ತಂದೆ ಇಂಥವನು ಅಂತ ತಾಯಿ ಹೇಳುತ್ತಾಳೆ: ಹೆಸರು, ಪಕ್ಕದ ಊರು, ಪೀಪಾಯಿ ಮಾಡುವವನು. ಅವಳು ಹೇಳಿದ್ದಳು. ಬರೆದವರು ಬರೆದಿದ್ದರು. ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ 80 ವರ್ಷದ ನಂತರ ಮುದ್ರೆ ಒತ್ತಿದ ಪಾದ್ರಿ ಆ ಸಾಲು ಬಿಟ್ಟು ಗೆರೆ ಎಳೆದರು.

ಅತ್ತೆ ಕನ್ನಡಕ ತೆಗೆದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಓದಲು ಬರದಿದ್ದರೂ ನೋಡಿದರು.

ಮದುವೆ ಯಾಕೆ ಆಗಲಿಲ್ಲ? ನಾನು ಸುಮ್ನೆ ಅವನು ಕೈಕೊಟ್ಟ ಅಂದುಕೊಂಡಿದ್ದೆ. ಆದರೆ ಆಗಿನ ವುರ್ಟೆಂಬರ್ಗ್‌ನಲ್ಲಿ ಬಡವರಿಗೆ ಮದುವೆ ಸುಲಭವಿರಲಿಲ್ಲ. ಸಂಸಾರ ಸಾಕುವಷ್ಟು ಆದಾಯ ಇದೆ ಅಂತ ಊರಿನ ಪಂಚಾಯ್ತಿಗೆ ತೋರಿಸಬೇಕು. 1833ರಿಂದ ಈ ಕಟ್ಟಳೆ ಇತ್ತು, 1852ರಲ್ಲಿ ಇನ್ನೂ ಬಿಗಿ ಮಾಡಿದರು. ಬಡವರ ಮದುವೆ ತಡೆದರೆ ಬಡತನ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಆಗಿದ್ದೇನು, ಮಕ್ಕಳು ಹುಟ್ಟಿದರು, ಅಪ್ಪಂದಿರ ಹೆಸರು ಹೋಯಿತು. ಪಂಚಾಯ್ತಿಯ ನಡಾವಳಿ ಪುಸ್ತಕ ಚರ್ಚಿನಲ್ಲಿ ಇರುವುದಿಲ್ಲ, ಊರಿನ ದಫ್ತರದಲ್ಲಿ ಇರುತ್ತದೆ. ಒಂದು ಕಡೆ ನಾಲ್ಕು ತಿಂಗಳು ಕಾದು ಉತ್ತರದ ಬದಲು ಬಿಲ್ ಬಂತು, ಆ ಊರಿನ ಹೆಸರು ಬೇಡ. ಕೊನೆಗೆ ನಾನೇ ಹೋಗಿ ಕೂತು ಓದಿದೆ. ಇಬ್ಬರೂ ಅರ್ಜಿ ಹಾಕಿದ್ದರು. ಆದಾಯ ಸಾಲದು ಅಂತ ತಳ್ಳಿಹಾಕಿದ್ದರು. ಎರಡೇ ಸಾಲು. ಮುಂದಿನ ವಿಷಯ ಊರ ಹೋರಿಯ ಮೇವಿನದು, ಅದಕ್ಕೆ ಅರ್ಧ ಪುಟ.

ಆಮೇಲೆ ಅವನ ಊರಿನ ಪುಸ್ತಕ. ಇಲ್ಲೊಂದು ಅನುಕೂಲ ಇದೆ. 1808ರಿಂದ ವುರ್ಟೆಂಬರ್ಗ್‌ನ ಚರ್ಚುಗಳು ಕುಟುಂಬ ರಿಜಿಸ್ಟರ್ ಅಂತ ಬೇರೆ ಇಟ್ಟವು. ಒಂದು ಸಂಸಾರಕ್ಕೆ ಒಂದು ಪುಟ. ಮೇಲೆ ಗಂಡ ಹೆಂಡತಿ, ಅವರ ಅಪ್ಪ ಅಮ್ಮಂದಿರು, ಕೆಳಗೆ ಮಕ್ಕಳ ಸಾಲು. ಇದು ಸಿಕ್ಕಿತೆಂದರೆ ತಿಂಗಳ ಕೆಲಸ ಒಂದು ಗಂಟೆಗೆ ಮುಗಿಯುತ್ತದೆ. ಪೀಪಾಯಿಯವನ ಮನೆಯಲ್ಲಿ ಹನ್ನೊಂದು ಮಕ್ಕಳು. ಕ್ರಿಸ್ಟಿನಾ ಅನ್ನುವ ಹೆಸರು ಮೂರು ಸಲ. ಮೊದಲನೆಯವಳ ಪಕ್ಕ ಶಿಲುಬೆ, ಎರಡನೆಯವಳ ಪಕ್ಕ ಶಿಲುಬೆ, ಮೂರನೆಯವಳು ಉಳಿದಳು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಮಾಮೂಲು. ಹೊಸಬರು ಇದರಲ್ಲೇ ದಾರಿ ತಪ್ಪುತ್ತಾರೆ, ಸತ್ತವಳಿಗೆ ಮದುವೆ ಮಾಡಿಬಿಡುತ್ತಾರೆ. ನಮ್ಮವನ ಸಾಲಿನ ಕೊನೆಗೆ ‘1854, ಉತ್ತರ ಅಮೆರಿಕಕ್ಕೆ’ ಅಂತ ಮಾತ್ರ ಇತ್ತು. ಆಲೂಗಡ್ಡೆ ಕೊಳೆತು, ದ್ರಾಕ್ಷಿ ಫಸಲು ಕೆಟ್ಟ ಕಾಲ. ಆ ಒಂದೇ ವರ್ಷ ಎರಡು ಲಕ್ಷಕ್ಕೂ ಜಾಸ್ತಿ ಜರ್ಮನ್ನರು ಅಮೆರಿಕಕ್ಕೆ ಹೋದರು. ಹ್ಯಾಂಬರ್ಗ್ ಬಂದರಿನ ಹಡಗಿನ ಪಟ್ಟಿಗಳು 1850ರಿಂದ ಇವೆ, ಬ್ರೆಮನ್‌ನವು ಬಹುಪಾಲು ಹಾಳಾಗಿವೆ. ನಮ್ಮ ಕಡೆಯವರು ಜಾಸ್ತಿ ಹೋಗುತ್ತಿದ್ದದ್ದು ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ. ನ್ಯೂಯಾರ್ಕಿನಲ್ಲಿ ಇಳಿದವರ ಪಟ್ಟಿಯಲ್ಲಿ ಅದೇ ಹೆಸರಿನವರು ನಾಲ್ಕು ಜನ. ಅಲ್ಲಿಗೆ ಬಿಟ್ಟೆವು.

ಹಿಂದಕ್ಕೆ ಹೋದಾಗ 1640ರ ದಶಕದವರೆಗೆ ಸಿಕ್ಕರು. ಅದಕ್ಕೂ ಹಿಂದಿನ ಪುಸ್ತಕ ಆ ಊರಲ್ಲಿಲ್ಲ. 1634ರಲ್ಲಿ ನೋರ್ಡ್‌ಲಿಂಗನ್ ಯುದ್ಧ ಆದ ಮೇಲೆ ಸೈನಿಕರು ಈ ಸೀಮೆಯ ಊರುಗಳನ್ನು ಸುಟ್ಟರು, ಜೊತೆಗೆ ಪುಸ್ತಕಗಳೂ ಹೋದವು. ನಮ್ಮ ಮೂಲ ಸ್ವಿಟ್ಜರ್ಲೆಂಡ್ ಅಂತ ಅತ್ತೆಯ ಮನೆಯಲ್ಲಿ ಒಂದು ಮಾತಿತ್ತು. ಸಿಕ್ಕ ಇಷ್ಟೂ ತಲೆಮಾರು ಎರಡು ಗಂಟೆ ನಡೆದರೆ ಮುಟ್ಟುವ ನಾಲ್ಕು ಹಳ್ಳಿಯೊಳಗೇ ಇದ್ದವು. ಅತ್ತೆಗೆ ಸ್ವಲ್ಪ ಬೇಜಾರಾಯಿತು.

ಅಂದ ಹಾಗೆ, ನಿಮ್ಮ ಪತ್ರಿಕೆ ಪ್ರತಿ ವರ್ಷ ಜುಲೈ 1ಕ್ಕೆ ನೆನೆಯುವ ಹರ್ಮನ್ ಮೋಗ್ಲಿಂಗ್ ಇದೇ ಸೀಮೆಯವರು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಅವರು ಹುಟ್ಟಿದ್ದು 1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ. ನಾನು ತರಕಾರಿಗೆ ಆ ದಾರಿಯಲ್ಲಿ ಹೋಗುತ್ತೇನೆ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಊರಿನಲ್ಲಿ ಸೌತೆಕಾಯಿ ಕೊಳ್ಳುವಾಗ ನನಗೆ ಪ್ರತಿ ಸಲವೂ ಒಳಗೊಳಗೇ ಖುಷಿ. ಯಾರಿಗೆ ಹೇಳುವುದು?

ಕೊನೆಗೆ ಆ ಪೀಪಾಯಿಯವನ ಹೆಸರನ್ನು ಎಲ್ಲಿ ಬರೆಯುವುದು ಅಂತ ಒಂದು ಚರ್ಚೆ ಆಯಿತು. ನಾನು ಆನೆನ್‌ಪಾಸ್ ತಂದು ಆ ಗೆರೆಯ ಮೇಲೆ ಬೆರಳಿಟ್ಟೆ. ‘ಆ ಪುಸ್ತಕದಲ್ಲಿ ಬೇಡ’ ಅಂದರು ಅತ್ತೆ. ತಮ್ಮ ಅಡುಗೆ ಪುಸ್ತಕ ತಂದರು. ಕೊನೆಯ ಖಾಲಿ ಹಾಳೆಯಲ್ಲಿ ಮೊದಲು ಆ ತಾಯಿಯ ಹೆಸರು, ಕೆಳಗೆ ಅವನದು, ಮುಂದೆ ‘ಕ್ಯೂಫರ್’ ಅಂತ ಬರೆದರು. ಬರೆದು ನನ್ನ ಕಡೆ ನೋಡಿ ಮತ್ತೆ ನಕ್ಕರು.

ನಿಮ್ಮ ಲೇಖಕರು ಇನ್ನೊಂದು ಮಾತು ಬರೆದಿದ್ದರು. ನಮ್ಮಲ್ಲಿ ಯಾರೂ ಏನೂ ಬರೆದಿಡಲಿಲ್ಲ, ನಮಗೆ ಮೂಲವೇ ಇಲ್ಲ ಅಂತ. ಇದನ್ನು ಒಪ್ಪುವುದು ಕಷ್ಟ. ಹೆಳವರನ್ನು ಮರೆತರೇ? ನನ್ನ ಅಜ್ಜನ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು ಬಂದು, ಕಟ್ಟೆಯ ಮುಂದೆ ನಿಂತು, ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಯಾವ ಊರಿಂದ ಬಂದೆವು, ಯಾರು ಬಾವಿ ತೋಡಿಸಿದರು, ಯಾರಿಗೆ ಎಷ್ಟು ಗಂಡುಮಕ್ಕಳು. ಅಜ್ಜ ಜೋಳ ಅಳೆದು ಹಾಕುತ್ತಿದ್ದರು. ಒಂದು ವರ್ಷ ಅಜ್ಜಿ ಬಾಗಿಲ ಹಿಂದಿನಿಂದ, ‘ನಮ್ಮ ಹೆಸರೆಲ್ಲಿ ಬಂತಪ್ಪಾ?’ ಅಂತ ಕೇಳಿದ್ದು ನೆನಪಿದೆ. ಅವನು ನಕ್ಕು ಮತ್ತೆ ಮೊದಲಿಂದ ಶುರು ಮಾಡಿದ. ಈ ಸಲವೂ ಅಜ್ಜಿಯ ಹೆಸರು ಬರಲಿಲ್ಲ. ಜರ್ಮನ್ ಪಾದ್ರಿಗಳ ಬಗ್ಗೆ ನನಗೆ ಏನೇ ತಕರಾರಿದ್ದರೂ, ನಮ್ಮ 1853ರ ಪುಟದಲ್ಲಿ ಅವರು ತಾಯಿಯ ಹೆಸರು, ಅವಳ ಅಪ್ಪನ ಹೆಸರು ಬರೆದಿದ್ದಾರೆ. ಮದುವೆಯಾಚೆ ಹುಟ್ಟಿದ ಮಕ್ಕಳ ಹೆಸರನ್ನು ಕೆಲವು ಹಳೆಯ ಪುಸ್ತಕಗಳಲ್ಲಿ ತಲೆಕೆಳಗಾಗಿ ಬರೆದದ್ದೂ ಉಂಟು. ಆದರೂ ಬರೆದರು. ತಲೆಕೆಳಗಾದ ಹೆಸರನ್ನು ಪುಸ್ತಕ ತಿರುಗಿಸಿ ಓದಬಹುದು.

ಆ ಹೆಳವ ಬರುವುದು ನಿಂತದ್ದು 1980ರ ದಶಕದಲ್ಲಿ, ಅಜ್ಜ ತೀರಿಕೊಂಡ ಮೇಲೆ. ಬಿಳಿ ಎತ್ತು, ಎಡಗೊಂಬು ಅರ್ಧ ಮುರಿದಿತ್ತು. ರಾಣೇಬೆನ್ನೂರಿನ ಸುತ್ತಮುತ್ತ ತಿರುಗುತ್ತಿದ್ದ ಅವನ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿದ್ದಾರೆ, ಅವರ ಹತ್ತಿರ ಮನೆತನಗಳ ಹೆಸರು ಬರೆದಿಟ್ಟ ಹಳೆಯ ಪುಸ್ತಕ ಏನಾದರೂ ಉಳಿದಿದೆಯೇ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಲಿ. ನಾನು ಇ-ಪೇಪರ್ ದಿನಾ ನೋಡುತ್ತೇನೆ.

ಇಂತಿ,
ನಿಮ್ಮ ಓದುಗಳೊಬ್ಬಳು
ಹೈಲ್‌ಬ್ರಾನ್, ಜರ್ಮನಿ