ಡಿ ಗುಳಿಗೆ ಮತ್ತು ಸಕ್ಕರೆ ಪರೀಕ್ಷೆ: ಬಸುರಿ ಮಗಳಿಗೊಂದು ಪತ್ರ

ಉಡುಪಿ

ಚಿ. ಸೌ. ಸುಮನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಕ್ತಪರೀಕ್ಷೆಯಲ್ಲಿ ನಿನ್ನ ವಿಟಮಿನ್ ಡಿ 14 ಎಂದು ಬಂದಿರುವುದನ್ನೂ, ಅದಕ್ಕೆ ಡಾಕ್ಟರು ಗುಳಿಗೆ ಕೊಟ್ಟಿರುವುದರಿಂದ ಇನ್ನು ಸಕ್ಕರೆ ಪರೀಕ್ಷೆ ಬೇಡವೆಂದು ಯಾರೋ ಹೇಳಿದ್ದನ್ನೂ ನಿನ್ನ ಅಮ್ಮ ತಿಳಿಸಿದಳು. ಮೊದಲನೆಯದಕ್ಕೆ ಹೆದರಬೇಡ, ಎರಡನೆಯದನ್ನು ಮಾತ್ರ ನಂಬಬೇಡ.

ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆಂದೇ ಎಣಿಸುತ್ತಾರೆ. ಕರಾವಳಿಯಲ್ಲಿ ಬಿಸಿಲಿಗೇನು ಬರ ಎಂದು ನಿನಗನ್ನಿಸಬಹುದು. ಚರ್ಮದಲ್ಲಿ ಈ ವಿಟಮಿನ್ ತಯಾರಾಗಬೇಕಾದರೆ ನೇರಳಾತೀತ ಬಿ ಕಿರಣ ನೇರವಾಗಿ ಮೈಮೇಲೆ ಬೀಳಬೇಕು. ಕದ್ರಿಯ ನಿಮ್ಮ ಫ್ಲ್ಯಾಟಿನ ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಟ್ಟರೂ ಆ ಕಿರಣವನ್ನು ಬಹುಪಾಲು ತಡೆಯುತ್ತದೆ, ನಮ್ಮ ಮೈಬಣ್ಣದವರು ಹೆಚ್ಚು ಹೊತ್ತು ಬಿಸಿಲಿನಲ್ಲಿರಬೇಕಾಗುತ್ತದೆ, ಮಳೆಗಾಲದಲ್ಲಂತೂ ವಾರಗಟ್ಟಲೆ ಮೋಡ ಕವಿದಿರುತ್ತದೆ. ಅದೇ ಹೊತ್ತಿಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬೋಟುಗಳು ದಡ ಸೇರುತ್ತವೆ. ಡಿ ಇರುವ ಬೂತಾಯಿ, ಬಂಗುಡೆ ನಮ್ಮ ಬಟ್ಟಲಿಗೆ ಬರುವುದೂ ಅಪರೂಪವಾಗುತ್ತದೆ. ಆದ್ದರಿಂದ ಗುಳಿಗೆಯನ್ನು ತಪ್ಪಿಸಬೇಡ. ಕೂಸಿನ ದಾಸ್ತಾನು ತುಂಬುವುದು ನಿನ್ನ ರಕ್ತದಿಂದಲೇ, ಎದೆಹಾಲಿನಲ್ಲಿ ಡಿ ಬಹಳ ಕಡಿಮೆ. ಹಾಗೆಂದು ಅತ್ತೆಯ ಮಂಡಿನೋವಿಗೆ ತಂದಿಟ್ಟ 60,000 ಯೂನಿಟ್‌ನ ಪುಡಿಯನ್ನು ನೀನಾಗಿಯೇ ಸೇರಿಸಿಕೊಳ್ಳಬೇಡ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಇನ್ನು ಸಕ್ಕರೆಯ ವಿಷಯ. ಡಿ ಕಡಿಮೆಯಿರುವ ಬಸುರಿಯರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡುಬಂದಿರುವುದು ನಿಜ. ಇನ್ಸುಲಿನ್ ಸ್ರವಿಸುವ ಜೀವಕೋಶಗಳಲ್ಲೂ ಈ ವಿಟಮಿನ್ನಿಗೆ ಸ್ಪಂದಿಸುವ ಗ್ರಾಹಕಗಳಿವೆ. ಆದರೆ ತೂಕ ಹೆಚ್ಚಿರುವವರಲ್ಲಿ, ಹೊರಗೆ ಓಡಾಡದವರಲ್ಲಿ ಎರಡೂ ಜೊತೆಯಾಗಿ ಇರುವುದುಂಟು, ಹಾಗಾಗಿ ಒಂದೇ ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸಲಾಗದು. ಮಾಸಿನಿಂದ ಹೊರಡುವ ಹಾರ್ಮೋನುಗಳು ತಿಂಗಳು ಕಳೆದಂತೆ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ, ಅದನ್ನು ಡಿ ಗುಳಿಗೆ ನಿಲ್ಲಿಸುವುದಿಲ್ಲ. ನಿನ್ನ ಅಮ್ಮನಿಗೂ ನನಗೂ ಸಕ್ಕರೆ ಇರುವಾಗ ನೀನು ಇನ್ನಷ್ಟು ಎಚ್ಚರವಾಗಿರಬೇಕು, ಮಗಳೇ.

ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸನ್ನು ಐದು ಹತ್ತು ನಿಮಿಷಗಳಲ್ಲಿ ಕುಡಿಯಬೇಕು. ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆಯೆಂದು ಲೆಕ್ಕ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಪುನಃ ಮಾಡಿಸಬೇಕಾಗುತ್ತದೆ, ಬೇಸರಪಡಬೇಡ.

ಇಬ್ಬರ ಪಾಲಿನ ಅನ್ನ ಉಣ್ಣೆಂದು ಮನೆಯಲ್ಲಿ ಒತ್ತಾಯಿಸಿದರೂ ಕುಚಲಕ್ಕಿ ಅನ್ನವನ್ನು ಅಳತೆಯಲ್ಲೇ ಬಡಿಸಿಕೊಂಡು, ಬಸಳೆ, ಹೆಸರುಕಾಳು, ಮೊಟ್ಟೆಗಳನ್ನು ಹೆಚ್ಚಿಸಿಕೋ. ಡಾಕ್ಟರು ಬೇಡವೆನ್ನದಿದ್ದರೆ, ಊಟವಾದ ಮೇಲೆ ಜಗಲಿಯಲ್ಲಾದರೂ ಸ್ವಲ್ಪ ಹೊತ್ತು ನಡೆದಾಡು.

ಮುಂದಿನ ವಾರ 24 ತುಂಬುತ್ತದಲ್ಲ, ಡಾಕ್ಟರ ಬಳಿ ಈಗಲೇ ದಿನ ಗೊತ್ತುಮಾಡಿಕೋ. ಜೊತೆಗೆ ಯಾರೂ ಇಲ್ಲದಿದ್ದರೆ ಹಿಂದಿನ ಸಂಜೆಯ ಬಸ್ಸಿಗೆ ನಾನೇ ಬರುತ್ತೇನೆ.

ಇಂತು ನಿನ್ನ ಪ್ರೀತಿಯ,
ದೊಡ್ಡಮ್ಮ