ಮಗಳಿಗೊಂದು ಪತ್ರ: ಸೋಮವಾರದ ಚುಚ್ಚುಮದ್ದು

ಪ್ರೀತಿಯ ಪುಟ್ಟೀ,

ಸೋಮವಾರ ನಿನ್ನ ಮೊದಲ ಅಲರ್ಜಿ ಚುಚ್ಚುಮದ್ದು. 'ಮೈಗೆ ಆಗದೇ ಇರೋದನ್ನೇ ಯಾಕಮ್ಮಾ ಚುಚ್ಚಬೇಕು?' ಅಂದಿದ್ದೆಯಲ್ಲ, ಕೇಳಲೇಬೇಕಾದ ಪ್ರಶ್ನೆ ಅದು.

ನಿನಗೆ ಆಗದಿರುವುದು ಧೂಳಲ್ಲ, ಧೂಳಿನ ನುಸಿಯ ಹಿಕ್ಕೆಯಲ್ಲಿರುವ ಪ್ರೋಟೀನು. ಕಾಲು ಮಿಲಿಮೀಟರಿನ ಈ ನುಸಿ ಹಾಸಿಗೆ, ದಿಂಬಿನೊಳಗೆ ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಆ ಪ್ರೋಟೀನನ್ನು ಶತ್ರು ಅಂದುಕೊಂಡ ನಿನ್ನ ದೇಹ ಅದನ್ನು ಗುರುತಿಸಿ ಹಿಡಿಯುವ ಐಜಿಇ ಎಂಬ ಪ್ರತಿಕಾಯ ತಯಾರಿಸಿದೆ. ಆ ಐಜಿಇ ಮೂಗಿನೊಳಗಿನ ಮಾಸ್ಟ್ ಕೋಶ ಎಂಬ ಕಾವಲು ಕೋಶಗಳ ಮೇಲೆ ಕೂತು ಕಾಯುತ್ತಿರುತ್ತದೆ. ಬೆಳಗ್ಗೆ ನೀನು ಹೊದಿಕೆ ಕೊಡವುತ್ತಿದ್ದಂತೆ ಪ್ರೋಟೀನು ಬಂದು ತಗುಲುತ್ತದೆ, ಕೋಶ ಹಿಸ್ಟಮಿನ್ ಎಂಬ ಕೆರಳಿಸುವ ರಾಸಾಯನಿಕ ಚೆಲ್ಲುತ್ತದೆ, ಸಾಲುಸಾಲು ಸೀನು. ಅಲರ್ಜಿಗೆ ನುಂಗುವ ಸೆಟಿರಿಜಿನ್ ಮಾತ್ರೆ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುತ್ತದೆ, ಅಷ್ಟೇ. ಚುಚ್ಚುಮದ್ದು ದೇಹದ ಆ ತಪ್ಪುತಿಳಿವಳಿಕೆಯನ್ನೇ ತಿದ್ದುತ್ತದೆ.

ತೀರಾ ತೆಳುಮಾಡಿದ ನುಸಿಯ ಸಾರ, 0.1 ಮಿ.ಲೀ.ಯಷ್ಟು, ತೋಳಿನ ಹಿಂಬದಿಯ ಚರ್ಮದಡಿಗೆ. ವಾರವಾರವೂ ಇಷ್ಟಿಷ್ಟೇ ಏರಿಸಿ, ಕೆಲವು ತಿಂಗಳಲ್ಲಿ ಪೂರ್ತಿ ಪ್ರಮಾಣ ಮುಟ್ಟಿಸುತ್ತಾರೆ. ಆಮೇಲೆ ತಿಂಗಳಿಗೊಮ್ಮೆ, 3ರಿಂದ 5 ವರ್ಷ. ಹೀಗೆ ಮತ್ತೆ ಮತ್ತೆ ಎದುರಾದಾಗ, ಗಲಾಟೆ ತಗ್ಗಿಸುವ ಟಿ ಕೋಶಗಳು (ರಕ್ತದ ಒಂದು ಬಗೆಯ ಬಿಳಿ ಕೋಶಗಳು) ಹೆಚ್ಚುತ್ತವೆ. ಐಜಿಜಿ4 ಎಂಬ ಇನ್ನೊಂದು ಪ್ರತಿಕಾಯ ಹುಟ್ಟಿ, ಐಜಿಇಗೆ ಸಿಗುವ ಮೊದಲೇ ಪ್ರೋಟೀನನ್ನು ಹಿಡಿದುಬಿಡುತ್ತದೆ. ಶುರುವಿನಲ್ಲಿ ಐಜಿಇ ಏರುವುದೂ ಉಂಟು; ರಕ್ತದ ರಿಪೋರ್ಟು ನೋಡಿ ಹೆದರಬೇಡ.

ಬೇಗ ಮುಗಿಸೋಣ ಅನ್ನುವ ಆತುರ ಮಾತ್ರ ಬೇಡ. 1911ರಲ್ಲಿ ಲಂಡನ್ನಿನ ವೈದ್ಯ ಲೆನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ಚುಚ್ಚಿ ನೋಡಿದಾಗಲೇ, ಪ್ರಮಾಣ ಮೀರಿದರೆ ಅಲರ್ಜಿ ಕೆರಳುತ್ತದೆ ಅಂತ ಬರೆದಿಟ್ಟಿದ್ದರು. ವಾರಗಟ್ಟಲೆ ತಪ್ಪಿಸಿಕೊಂಡರೆ, ಹೊಸ ಬಾಟಲಿ ತೆರೆದರೆ, ಪ್ರಮಾಣ ಇಳಿಸಿ ಮತ್ತೆ ಏರಿಸುವುದೂ ಅದಕ್ಕೇ. ಜ್ವರವೋ ಉಬ್ಬಸವೋ ಇದ್ದ ದಿನ ಚುಚ್ಚಿಸಿಕೊಳ್ಳಲೇಬಾರದು. ಮೊದಲೇ ಕೆರಳಿದ ಶ್ವಾಸನಾಳ ಹೊಂದಿದವರಿಗೇ ಗಂಡಾಂತರ ಹೆಚ್ಚು.

ಚುಚ್ಚಿದ ಮೇಲೆ 30 ನಿಮಿಷ ಕ್ಲಿನಿಕ್ಕಿನಲ್ಲೇ ಕೂರಬೇಕು. ತೋಳು ಕೆಂಪಗಾಗಿ ಊದಿದರೆ ಐಸ್ ಇಟ್ಟರಾಯಿತು. ಊತ ಎಷ್ಟು ಅಗಲ ಬಂತು ಅಂತ ಬರೆದಿಟ್ಟುಕೊಂಡು ಮುಂದಿನ ವಾರ ಡಾಕ್ಟರಿಗೆ ಹೇಳು. ಆದರೆ ಅಂಗೈ ತುರಿಸಿದರೆ, ಗಂಟಲು ಬಿಗಿದರೆ, ಇದ್ದಕ್ಕಿದ್ದಂತೆ ಕೆಮ್ಮು, ತಲೆಸುತ್ತು ಬಂದರೆ ಸಂಕೋಚ ಬಿಟ್ಟು ಆ ಕ್ಷಣವೇ ನರ್ಸನ್ನು ಕೂಗು. ಇಂಥ ತೀವ್ರ ಅಲರ್ಜಿಯನ್ನು ತಡೆಯುವ ಅಡ್ರಿನಲಿನ್ ಮದ್ದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುತ್ತಾರೆ. ಅದು ತಡವಾಗಬಾರದು, ಅದಕ್ಕೇ ಈ ಕಾಯುವಿಕೆ.

ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲೇ ಒಗೆ. ತಣ್ಣೀರಿಗೆ ನುಸಿ ಸಾಯುವುದಿಲ್ಲ. ಸೋಮವಾರ ಸಡಿಲ ತೋಳಿನ ಅಂಗಿ ಹಾಕಿಕೋ. ಚುಚ್ಚಿದ ದಿನ ಮೈ ದಣಿಸುವುದು ಬೇಡ, ಬ್ಯಾಡ್ಮಿಂಟನ್ ಮಂಗಳವಾರ ಆಡು.

ನಿನ್ನ
ಅಮ್ಮ