ಮಣಿ ಡಿಸೈನ್‌ಗೆ ಫೋನೇ ನೋಡ್ಬೇಕಾ?

ಸಂಪಾದಕರಿಗೆ ನಮಸ್ಕಾರ,

ಗಾಜಿನ ಮಣಿ ಮಾಡೋದು ಕಲೀತಿರೋ ಹುಡುಗ್ರನ್ನ ನೋಡಿದ್ರೆ ಖುಷಿ ಆಗುತ್ತೆ, ಆದ್ರೆ ಐಡಿಯಾ ಬೇಕು ಅಂದ ತಕ್ಷಣ ಇನ್‌ಸ್ಟಾಗ್ರಾಂ ತೆಗೀತಾರಲ್ಲ ಅದೇ ಬೇಜಾರು. ಇಟಲಿಯ ಮುರಾನೊದವ್ರು ಬಣ್ಣದ ಗಾಜಿನ ಕಡ್ಡಿ ಕಟ್ಟುಕಟ್ಟಿ, ಕಾಯಿಸಿ ಎಳೆದು, ಅಡ್ಡ ಕತ್ತರಿಸಿ ಮಾಡೋ ಹೂವು ಅದ್ಭುತನೇ, ಆದ್ರೆ ಅದು ಅವರೂರಿನ ಕಲೆ.

ನಮ್ಮಲ್ಲಿ ಗುಲಗಂಜಿ ಇದೆಯಲ್ಲ! ಕೆಂಪು ಮೈ, ಒಂದ್ ತುದೀಲಿ ಕಪ್ಪು ಕಲೆ, ಇದಕ್ಕಿಂತ ಡಿಸೈನ್ ಬೇಕಾ. ಅದೇ ಥರ ಮಣಿ ಮಾಡೋಕೆ ಮಣ್ಣು ಲೇಪಿಸಿದ ಸ್ಟೀಲ್ ಕಡ್ಡಿಗೆ ಉರಿಯಲ್ಲಿ ಕರಗಿದ ಕೆಂಪು ಗಾಜು ಸುತ್ತಿ, ಕೈ ನಿಲ್ಲಿಸದೆ ತಿರುಗಿಸ್ತಾ ಇರ್ಬೇಕು, ನಿಂತ್ರೆ ಒಂದ್ ಕಡೆ ಜೋತುಬೀಳುತ್ತೆ, ಆಮೇಲೆ ತುದೀಲಿ ಕಪ್ಪು ಗಾಜು ಇಟ್ಟು ಹದವಾಗಿ ಕಾಯಿಸ್ಬೇಕು. ಬಿಸಿ ಇದ್ದಾಗ ಬಣ್ಣ ಬೇರೆನೇ ಕಾಣುತ್ತೆ, ನಿಜವಾದ ಕೆಂಪು ತಣ್ಣಗಾದ್ಮೇಲೇ ಗೊತ್ತಾಗೋದು, ಅದೂ ನಿಧಾನವಾಗಿ ತಣಿಸ್ಬೇಕು ಇಲ್ಲಾಂದ್ರೆ ಬಿರುಕು ಬಿಡುತ್ತೆ. ಇಳಕಲ್ ಸೀರೆ ಸೆರಗು, ಮಿಂಚುಳ್ಳಿ ರೆಕ್ಕೆ, ಹಣ್ಣಡಿಕೆ ಸಿಪ್ಪೆ, ಎಲ್ಲಾ ಕಣ್ಮುಂದೆನೇ ಇದೆ.

ಇನ್ನೊಂದು ವಿಷ್ಯ, ಪುದುಚೇರಿ ಹತ್ರದ ಅರಿಕಮೇಡುನಲ್ಲಿ ಸುಮಾರು 2000 ವರ್ಷದ ಹಿಂದೆನೇ ಗಾಜಿನ ಕೊಳವೆ ಎಳೆದು ತುಂಡು ಮಾಡಿ ಪುಟಾಣಿ ಮಣಿ ಮಾಡ್ತಿದ್ರು, ಹಂಗೆ ಎಳೆಯೋ ವಿದ್ಯೆ ನಮ್ ಕಾಲದವರೆಗೂ ಉಳಿದ ಊರು ಆಂಧ್ರದ ಪಾಪಾನಾಯ್ಡುಪೇಟೆ, ಕಾಳಹಸ್ತಿ ಹತ್ರನೇ. ಕಾಳಹಸ್ತಿಗೆ ನಮ್ಮೋರು ಬಸ್ ತುಂಬ್ಕೊಂಡು ಹೋಗ್ತಾರೆ, ಆದ್ರೆ ಈ ಊರಿನ ಹೆಸ್ರು ಎಷ್ಟು ಜನಕ್ಕೆ ಗೊತ್ತು? ದಯವಿಟ್ಟು ನಿಮ್ಮ ಭಾನುವಾರದ ಪುರವಣೀಲಿ ಆ ಕುಶಲಕರ್ಮಿಗಳ ಬಗ್ಗೆ ಒಂದು ಪುಟ ಬರೀರಿ, ಫೋಟೋ ದೊಡ್ಡದಾಗೇ ಹಾಕಿ.

ಇಂತಿ,
ಮಣಿ ಕೆಲಸದ ಒಬ್ಬ ಓದುಗಿ, ಶಿರಸಿ